ಉಳಿದ ಎಸೆತಗಳು: 2016ರ ಆಸ್ಟ್ರೇಲಿಯಾ ಪ್ರವಾಸ ಕುರಿತು ಒಂದು ಸಂವಾದ

ಒಂದು ದೇಶದ ಕ್ರಿಕೆಟ್ ತಂಡ ಟೆಸ್ಟ್ ಪಂದ್ಯಗಳ ಗೊಡವೆಗೆ ಹೋಗದೆ, ತಲಾ 50 ಓವರ್‌ಗಳ ಏಕದಿನ ಪಂದ್ಯಗಳನ್ನೂ ತಲಾ 20 ಓವರ್‌ಗಳ ಟಿ20 ಪಂದ್ಯಗಳನ್ನೂ ಮಾತ್ರ ಆಡಲು ಮತ್ತೊಂದು ದೇಶಕ್ಕೆ ತೆರಳಿದರೆ ಅದನ್ನು ಸೀಮಿತ ಓವರ್‌ಗಳ ಪ್ರವಾಸ ಎನ್ನಲಾಗುತ್ತದೆ. 2016ರ ಜನವರಿಯಲ್ಲಿ ಮಹೇಂದ್ರ ಸಿಂಗ್ ಧೋನಿ ನಾಯಕತ್ವದ ಭಾರತ ತಂಡ ಆಸ್ಟ್ರೇಲಿಯಾದಲ್ಲಿ ಕೈಗೊಂಡದ್ದು ಅಂಥದೇ ಪ್ರವಾಸವಾಗಿದ್ದು, ಐದು ಏಕದಿನ ಪಂದ್ಯಗಳ ಸರಣಿಯನ್ನು 1–4ರಿಂದ ಸೋತ ತಂಡ ಅದರ ಬೆನ್ನಿಗೇ ಮೂರು ಟಿ20 ಪಂದ್ಯಗಳನ್ನೂ ಗೆದ್ದು ಹಿಂದಿರುಗಿತು. ಆ ಪ್ರವಾಸವನ್ನು ಕುರಿತು ಇಬ್ಬರು ಮಾತನಾಡಿಕೊಳ್ಳುತ್ತಿದ್ದಾರೆ. ಸ್ಕೋರ್‌ಪಟ್ಟಿಯನ್ನು ನೆಚ್ಚಿದವರನ್ನು ಲೆಕ್ಕಿಗರು ಎಂದೂ, ಆಟದ ಸಂದರ್ಭವನ್ನು ನೆಚ್ಚಿದವರನ್ನು ನೋಡುಗರು ಎಂದೂ ಇಲ್ಲಿ ಕರೆಯಲಾಗಿದೆ.

ಲೆಕ್ಕಿಗರು: ಐದು ಏಕದಿನ ಪಂದ್ಯಗಳಲ್ಲಿ ಭಾರತ ಗಳಿಸಿದ ಒಟ್ಟು ರನ್ 1,566, ಆಸ್ಟ್ರೇಲಿಯಾ ಗಳಿಸಿದ್ದು 1,593, ಎರಡರ ಅಂತರ ಬರೀ 27 ರನ್ ಆಗಿರುವಾಗ, ಅದರಲ್ಲೂ ಭಾರತದ ಬ್ಯಾಟರ್‌ಗಳಿಂದ ಆರು ಶತಕಗಳು ಬಂದು ಆಸ್ಟ್ರೇಲಿಯಾದವರಿಂದ ಐದೇ ಬಂದಿರುವಾಗ, ಈ ಸರಣಿಯನ್ನು ಹೀನಾಯ ಸೋಲಿನ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ಅದೃಷ್ಟ ಸ್ವಲ್ಪ ಅತ್ತಿತ್ತ ಸರಿದಿದ್ದರೆ ಫಲಿತಾಂಶ 3–2 ಆಗಬಹುದಿತ್ತು.

ನೋಡುಗರು: ಆ ಕೂಡುವ ಲೆಕ್ಕದಲ್ಲೇ ಒಂದು ತೊಡಕಿದೆ. ಗುರಿ ಬೆನ್ನಟ್ಟುವ ತಂಡ ಗುರಿ ಮುಟ್ಟಿದ ಕ್ಷಣವೇ ಆಟ ನಿಲ್ಲುವುದರಿಂದ, ಅದು ಸುಲಭವಾಗಿ ಗೆದ್ದರೂ ಏದುಸಿರು ಬಿಡುತ್ತ ಗೆದ್ದರೂ ರನ್ನಿನ ಅಂತರ ಒಂದೆರಡನ್ನು ಮೀರುವುದು ಅಪರೂಪ. ಪರ್ತ್‌ನಲ್ಲಿ ಭಾರತದ 309ಕ್ಕೆ ಆಸ್ಟ್ರೇಲಿಯಾ 310, ಬ್ರಿಸ್ಬೇನ್‌ನಲ್ಲಿ 308ಕ್ಕೆ 309, ಮೆಲ್ಬರ್ನ್‌ನಲ್ಲಿ 295ಕ್ಕೆ 296 ಗಳಿಸಿದ್ದನ್ನು ಮಾತ್ರ ನೋಡಿದರೆ ಮೂರೂ ಪಂದ್ಯಗಳು ಕೂದಲೆಳೆಯಲ್ಲಿ ಕೈತಪ್ಪಿದಂತೆ ತೋರುತ್ತದೆ. ಆದರೆ ಬ್ರಿಸ್ಬೇನ್‌ನಲ್ಲಿ ಆತಿಥೇಯರ ಕೈಯಲ್ಲಿ ಇನ್ನೂ ಏಳು ವಿಕೆಟ್‌ಗಳಿದ್ದವು, ಎಂದರೆ ಗುರಿ ಇನ್ನೂ 20 ರನ್ ಹೆಚ್ಚಿದ್ದರೂ ಅವರು ಅದನ್ನು ಮುಟ್ಟುವ ಸಂಭವವೇ ಹೆಚ್ಚಿತ್ತು.

ಲೆಕ್ಕಿಗರು: ಅಷ್ಟನ್ನು ಒಪ್ಪಬಹುದು. ಹಾಗಿದ್ದರೆ ಸೋಲಿಗೆ ಬೌಲಿಂಗ್ ಕಾರಣ ಎಂಬ ಆಗಿನ ಸಾರ್ವತ್ರಿಕ ಅಭಿಪ್ರಾಯವನ್ನೇ ತಾವೂ ಹೇಳಿದಂತಾಯಿತು. 300ರ ಆಸುಪಾಸಿನ ಮೂರು ಮೊತ್ತಗಳನ್ನು ಸತತವಾಗಿ ಉಳಿಸಿಕೊಳ್ಳಲಾಗದ ತಂಡದ ಬ್ಯಾಟಿಂಗ್‌ನಲ್ಲಿ ತಪ್ಪು ಹುಡುಕುವುದು ಹೇಗೆ?

ನೋಡುಗರು: ಬೌಲಿಂಗ್ ಸಾಧಾರಣವಾಗಿತ್ತು ಎಂಬುದರಲ್ಲಿ ವಾದವಿಲ್ಲ, ಎರಡು ಪಂದ್ಯಗಳ ನಂತರ ರವಿಚಂದ್ರನ್ ಅಶ್ವಿನ್ ಅವರಂಥ ಬೌಲರನ್ನೇ ಹೊರಗಿಡಬೇಕಾಗಿ ಬಂದಿತು. ಆದರೆ 300 ಎಂಬ ಮೊತ್ತ ಯಾವ ಕಾಲದ, ಯಾವ ನಿಯಮದ 300 ಎಂದು ಕೇಳಿಕೊಳ್ಳದೆ ಬ್ಯಾಟಿಂಗ್‌ಗೆ ಪ್ರಶಸ್ತಿಪತ್ರ ಕೊಡುವಂತಿಲ್ಲ. 2011ರ ಕೊನೆಯಿಂದ ಏಕದಿನ ಪಂದ್ಯದಲ್ಲಿ ಎರಡು ತುದಿಗಳಿಂದ ಎರಡು ಹೊಸ ಚೆಂಡುಗಳನ್ನು ಬಳಸಲಾಗುತ್ತಿತ್ತು. ಹೀಗಾಗಿ ಒಂದೊಂದು ಚೆಂಡು 25 ಓವರಿಗಿಂತ ಹಳೆಯದಾಗುತ್ತಲೇ ಇರಲಿಲ್ಲ, ಹಳೆಯ ಚೆಂಡು ಗಾಳಿಯಲ್ಲಿ ಎದುರು ದಿಕ್ಕಿಗೆ ತಿರುಗುವ ರಿವರ್ಸ್ ಸ್ವಿಂಗ್ ಎಂಬ ಅಸ್ತ್ರ ವೇಗಿಗಳ ಕೈಬಿಟ್ಟಿತ್ತು. ಪಿಚ್‌ನಿಂದ 30 ಗಜ ದೂರದಲ್ಲಿ ಎಳೆದ ಗೆರೆಯ ಹೊರಗೆ 11ನೇ ಓವರಿನಿಂದ 40ನೇ ಓವರಿನವರೆಗೆ ನಾಲ್ಕೇ ಫೀಲ್ಡರ್‌ಗಳಿಗೆ ಅವಕಾಶವಿತ್ತು. ಕೊನೆಯ ಹತ್ತು ಓವರ್‌ಗಳಲ್ಲಿ ಐವರನ್ನು ನಿಲ್ಲಿಸಬಹುದೆಂಬ ರಿಯಾಯಿತಿ 2015ರ ಜುಲೈನಲ್ಲಷ್ಟೇ ಬಂದದ್ದು. ಗಟ್ಟಿ ಪಿಚ್, ಹೆಚ್ಚು ಬಳಲದ ಚೆಂಡು, ಬೌಂಡರಿಯಲ್ಲಿ ವಿರಳ ಕಾವಲು ಇವೆಲ್ಲ ಒಟ್ಟುಗೂಡಿದಾಗ ಪರ್ತ್‌ನ 309 ಒಂದು ಪೀಳಿಗೆಯ ಹಿಂದಿನ 250ಕ್ಕೆ ಸಮ ಎಂದರೆ ತಪ್ಪಾಗಲಾರದು.

ಲೆಕ್ಕಿಗರು: ರೋಹಿತ್ ಶರ್ಮಾ ಅವರ ಅಜೇಯ 171 ರನ್ ಆಸ್ಟ್ರೇಲಿಯಾದ ನೆಲದಲ್ಲಿ ಅದರ ವಿರುದ್ಧ ಪ್ರವಾಸಿ ಬ್ಯಾಟರೊಬ್ಬರು ಏಕದಿನ ಪಂದ್ಯದಲ್ಲಿ ಗಳಿಸಿದ ಅಂದಿನ ಗರಿಷ್ಠ ಮೊತ್ತವಾಗಿದ್ದು, ವಿವಿಯನ್ ರಿಚರ್ಡ್ಸ್ 1979ರಲ್ಲಿ ಗಳಿಸಿದ ಅಜೇಯ 153 ಆ ದಿನ ಹಿಂದೆ ಬಿತ್ತು. ಅಂಥ ಇನಿಂಗ್ಸ್‌ನಲ್ಲಿ ಕೊರತೆ ಕಾಣುವುದು ಸಿನಿಕತನವಾಗದೆ?

ನೋಡುಗರು: ಇನಿಂಗ್ಸ್‌ನಲ್ಲಿ ಕೊರತೆಯಿಲ್ಲ, ಹಂಚಿಕೆಯಲ್ಲಿದೆ. ಮಳೆಯಿಂದ ಅಡಚಣೆಯಾದ ಪಂದ್ಯಗಳ ಗುರಿಯನ್ನು ಮರುನಿಗದಿ ಮಾಡಲು ಫ್ರಾಂಕ್ ಡಕ್ವರ್ತ್ ಮತ್ತು ಟೋನಿ ಲೂಯಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಪದ್ಧತಿಯ ತಳಹದಿಯೇ ಇದು: ಒಂದು ತಂಡದ ಸಂಪನ್ಮೂಲವೆಂದರೆ ಉಳಿದ ಎಸೆತಗಳು ಮತ್ತು ಉಳಿದ ವಿಕೆಟ್‌ಗಳು ಎರಡೂ ಕೂಡಿದ್ದು. ಎಸೆತಗಳು ಮುಗಿದಾಗ ವಿಕೆಟ್‌ಗಳು ಉಳಿದಿದ್ದರೆ ಅವು ಯಾವ ಖಾತೆಗೂ ಜಮೆಯಾಗದೆ ವ್ಯರ್ಥವಾಗುತ್ತವೆ. ಪರ್ತ್‌ನಲ್ಲಿ ರೋಹಿತ್ 163 ಎಸೆತಗಳನ್ನೂ ವಿರಾಟ್ ಕೊಹ್ಲಿ ತಮ್ಮ 91 ರನ್ನಿಗೆ 97 ಎಸೆತಗಳನ್ನೂ ಎದುರಿಸಿದರು. 300 ಎಸೆತಗಳಲ್ಲಿ 260 ಇಬ್ಬರ ಪಾಲಾಗಿ, ಬೇಗನೆ ಔಟಾದ ಶಿಖರ್ ಧವನ್ ಅವರನ್ನೂ ಸೇರಿಸಿಕೊಂಡರೆ ಮಿಕ್ಕವರಿಗೆ ದಕ್ಕಿದ್ದು ನಲವತ್ತು. ಇನಿಂಗ್ಸ್ ಮುಗಿದಾಗ ಏಳು ವಿಕೆಟ್‌ಗಳು ಹಾಗೆಯೇ ಉಳಿದಿದ್ದವು. ಮದುವೆಯೂಟದ ಮೊದಲ ಪಂಕ್ತಿಯಲ್ಲಿ ಕುಳಿತವರು ಪಾಯಸವನ್ನು ಎರಡೆರಡು ಸಲ ಬಡಿಸಿಕೊಂಡು ಎದ್ದರೆ ಕೊನೆಯ ಪಂಕ್ತಿಯವರಿಗೆ ಅನ್ನ ಸಾರಷ್ಟೇ ಗತಿ. ಅವರಿಗೆ ಉಣ್ಣಲು ಬರುವುದಿಲ್ಲ ಎಂದು ಆಮೇಲೆ ಯಾರೂ ಆಕ್ಷೇಪಿಸುವುದಿಲ್ಲ. ಕ್ರಿಕೆಟ್‌ನಲ್ಲಿ ಮಾತ್ರ ಆಕ್ಷೇಪಿಸುತ್ತಾರೆ.

ಸರಣಿಯ ನಡುವೆಯೇ ಕೇಳಿಬಂದ, ಶತಕ ಸಮೀಪಿಸಿದಾಗ ಭಾರತದ ಬ್ಯಾಟರ್‌ಗಳು ನಿಧಾನಿಸುತ್ತಾರೆ ಎಂಬ ಆರೋಪಕ್ಕೂ ನೋಡುಗರ ಈ ಮಾತಿಗೂ ವ್ಯತ್ಯಾಸವಿದೆ. ಆ ಆರೋಪ ವ್ಯಕ್ತಿಗಳ ಸ್ವಭಾವವನ್ನು ಕುರಿತದ್ದು, ಅದನ್ನು ಸಾಬೀತುಪಡಿಸುವುದೂ ಕಷ್ಟ, ಅದರಿಂದ ತಿಳಿಯುವುದೂ ಕಡಿಮೆ. ನೋಡುಗರ ಮಾತು ಎಸೆತಗಳ ಹಂಚಿಕೆಯನ್ನು ಕುರಿತದ್ದು.

ಲೆಕ್ಕಿಗರು: ಆದರೂ ಅದೃಷ್ಟದ ಪ್ರಶ್ನೆಯನ್ನು ಪೂರ್ತಿಯಾಗಿ ಕೈಬಿಡಲಾಗದು. ಪರ್ತ್‌ನಲ್ಲಿ ಆಸ್ಟ್ರೇಲಿಯಾ 21 ರನ್ನಿಗೆ ಎರಡು ವಿಕೆಟ್ ಕಳೆದುಕೊಂಡಿದ್ದಾಗ, ಪದಾರ್ಪಣೆ ಮಾಡಿದ ಎಡಗೈ ವೇಗಿ ಬರೀಂದರ್ ಸ್ರಾನ್ ಎಸೆದ ಚೆಂಡು ಜಾರ್ಜ್ ಬೈಲಿ ಎದುರಿಸಿದ ಮೊದಲ ಎಸೆತದಲ್ಲೇ ಅವರ ಕೈಗವಸನ್ನು ಸವರಿ ಧೋನಿ ಅವರ ಕೈ ಸೇರಿತು, ಅಂಪೈರ್ ಔಟ್ ಕೊಡಲಿಲ್ಲ. ಆಮೇಲೆ ಬೈಲಿ 112, ಸ್ಟೀವ್ ಸ್ಮಿತ್ 149 ಗಳಿಸಿ 242 ರನ್ನಿನ ಜೊತೆಯಾಟವಾಡಿದರು.

ನೋಡುಗರು: ಆ ಪ್ರಸಂಗದಲ್ಲಿ ಅದೃಷ್ಟಕ್ಕಿಂತ ನೀತಿಯ ಪಾಲು ದೊಡ್ಡದು. ಅಂಪೈರ್ ತೀರ್ಪನ್ನು ಟಿವಿ ದೃಶ್ಯಗಳ ನೆರವಿನಿಂದ ಮರುಪರಿಶೀಲಿಸುವಂತೆ ತಂಡಗಳು ಕೋರಬಹುದಾದ ಡಿಆರ್‌ಎಸ್ ಪದ್ಧತಿಯನ್ನು ದ್ವಿಪಕ್ಷೀಯ ಸರಣಿಗಳಲ್ಲಿ ಬಳಸಲು ಭಾರತದ ಕ್ರಿಕೆಟ್ ಮಂಡಳಿಯೇ ಆಗ ಒಪ್ಪುತ್ತಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಇಂಗ್ಲೆಂಡ್ ವಿರುದ್ಧದ ತವರು ಸರಣಿಯಲ್ಲಿ ಪ್ರಾಯೋಗಿಕವಾಗಿ ಒಪ್ಪಿಕೊಂಡಿತು ಎಂಬುದನ್ನು ನೆನೆದರೆ, ಪರ್ತ್‌ನ ಆ ಎಸೆತಕ್ಕೆ ತೆತ್ತ ಬೆಲೆ ಮೊಂಡುತನದ್ದೇ ಹೊರತು ದುರದೃಷ್ಟದ್ದಲ್ಲ.

ಲೆಕ್ಕಿಗರು: ವೇಳಾಪಟ್ಟಿಯ ಮಾತೇನು? ಜನವರಿ 12ರಂದು ಪರ್ತ್, 15ರಂದು ಬ್ರಿಸ್ಬೇನ್, 17ರಂದು ಮೆಲ್ಬರ್ನ್, 20ರಂದು ಕ್ಯಾನ್‌ಬೆರಾ, 23ರಂದು ಸಿಡ್ನಿ. ಅದರಲ್ಲೂ ಮೊದಲ ಎರಡು ಊರುಗಳ ನಡುವೆ ಇಡೀ ಖಂಡದ ಅಗಲ, ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ. ಒಂದು ಪಂದ್ಯದ ತಪ್ಪನ್ನು ತಿದ್ದಿಕೊಳ್ಳಲು ಅಭ್ಯಾಸದ ದಿನವೇ ಸಿಗದ ಪ್ರವಾಸದಲ್ಲಿ ತಂಡ ಕಲಿಯುವುದಾದರೂ ಯಾವಾಗ?

ನೋಡುಗರು: ಆ ಇಕ್ಕಟ್ಟು ಎರಡೂ ತಂಡಗಳಿಗೆ ಸಮಾನವಾದದ್ದು. ಒಂದು ಸರಣಿಯ ಪ್ರಸಾರ ಹಕ್ಕನ್ನು ಮಾರಿ ಬರುವ ಹಣ ಆತಿಥೇಯ ಮಂಡಳಿಗೆ ಸೇರುತ್ತದೆ, ಆ ಹಕ್ಕಿಗೆ ಅತಿ ಹೆಚ್ಚು ಬೆಲೆ ಬರುವುದು ಭಾರತ ಅತಿಥಿಯಾಗಿ ಬಂದಾಗ. ಆದ್ದರಿಂದ ಇದ್ದ ಮೂರು ವಾರಗಳಲ್ಲಿ ಹಿಡಿಸುವಷ್ಟು ಪಂದ್ಯಗಳನ್ನು ತುಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು ಟಿ20 ಪಂದ್ಯಗಳನ್ನು ಪ್ರವಾಸದ ಕೊನೆಗೆ ಇಟ್ಟದ್ದು ಆ ವರ್ಷದ ಮಾರ್ಚ್‌ನಲ್ಲಿ ಭಾರತದಲ್ಲೇ ನಡೆಯಲಿದ್ದ ಟಿ20 ವಿಶ್ವಕಪ್‌ನ ಸಿದ್ಧತೆಗೆ ಹೊಂದುವಂತಿತ್ತು. ಅದಿರಲಿ, ಕ್ಯಾನ್‌ಬೆರಾದ ಪಂದ್ಯವನ್ನು ಬಿಡಿಸಿ ನೋಡಿದರೆ ಹಂಚಿಕೆಯ ವಾದ ಇನ್ನಷ್ಟು ನಿಚ್ಚಳವಾಗುತ್ತದೆ.

ಲೆಕ್ಕಿಗರು: ಅಲ್ಲಿ ಆಸ್ಟ್ರೇಲಿಯಾ 348 ರನ್ ಗಳಿಸಿತ್ತು. ಗುರಿ ಬೆನ್ನಟ್ಟಿದ ಭಾರತ 37.3 ಓವರ್‌ಗಳಲ್ಲಿ ಒಂದೇ ವಿಕೆಟ್ ಕಳೆದುಕೊಂಡು 277 ರನ್ ಗಳಿಸಿದ್ದು, ಧವನ್ ಮತ್ತು ಕೊಹ್ಲಿ ಇಬ್ಬರೂ ಶತಕ ದಾಟಿ 212 ರನ್ನಿನ ಜೊತೆಯಾಟವಾಡಿದ್ದರು. ಬೇಕಾಗಿದ್ದುದು 75 ಎಸೆತಗಳಲ್ಲಿ 72 ರನ್, ಕೈಯಲ್ಲಿ ಒಂಬತ್ತು ವಿಕೆಟ್. ಅಲ್ಲಿಂದ 46 ರನ್ ಸೇರಿಸುವಷ್ಟರಲ್ಲಿ ಒಂಬತ್ತೂ ವಿಕೆಟ್‌ಗಳು ಉರುಳಿ ತಂಡ 323ಕ್ಕೆ ಆಲೌಟ್ ಆಯಿತು. ಇದನ್ನು ವಿವರಿಸಲು ಯಾವ ಸಿದ್ಧಾಂತವೂ ಬೇಡ, ಇದು ಶುದ್ಧ ಗಾಬರಿ.

ನೋಡುಗರು: ಗಾಬರಿಯೇ ಸರಿ, ಆದರೆ ಯಾರ ಗಾಬರಿ, ಏಕೆ ಎಂಬುದು ಮುಖ್ಯ. ಜಾನ್ ಹೇಸ್ಟಿಂಗ್ಸ್ ಅವರ ಒಂದೇ ಓವರಿನಲ್ಲಿ ಧವನ್ ಔಟಾಗಿ, ಅವರ ಹಿಂದೆಯೇ ಬಂದ ಧೋನಿ ರನ್ ಗಳಿಸದೆ ಮರಳಿದರು. ಕೊಹ್ಲಿಯೂ ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಬಳಿಕ ಹೊಣೆ ಬಿದ್ದದ್ದು ಮೂರು ದಿನಗಳ ಹಿಂದೆ ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ಏಕದಿನ ಪಂದ್ಯವಾಡಿದ್ದ ಗುರುಕೀರತ್ ಮಾನ್ ಮತ್ತು ರಿಷಿ ಧವನ್, ಕೈಗೆ ಗಾಯ ಮಾಡಿಕೊಂಡು ಕೆಳಗಿನ ಕ್ರಮಾಂಕಕ್ಕೆ ಸರಿದಿದ್ದ ಅಜಿಂಕ್ಯ ರಹಾನೆ, ಇವರ ಮೇಲೆ. ಕೇನ್ ರಿಚರ್ಡ್‌ಸನ್ 68 ರನ್ನಿಗೆ ಐದು ವಿಕೆಟ್ ಪಡೆದರು. ಸರಣಿಯುದ್ದಕ್ಕೂ ರೋಹಿತ್ 441, ಕೊಹ್ಲಿ 381, ಶಿಖರ್ ಧವನ್ 287 ರನ್ ಗಳಿಸಿದ್ದನ್ನು ಕೂಡಿದರೆ 1,109, ಎಂದರೆ ತಂಡದ ಒಟ್ಟು ಗಳಿಕೆಯ ನೂರಕ್ಕೆ ಎಪ್ಪತ್ತು ಭಾಗ ಮೂವರಿಂದಲೇ ಬಂತು. ಈ ಮೂವರ ಯಶಸ್ಸೇ ಮಿಕ್ಕವರನ್ನು ಆಟದ ರೂಢಿಯಿಂದ ದೂರವಿಟ್ಟಿತ್ತು. ಹೊಸಬರಿಗೆ ಸಿಕ್ಕ ಮೊದಲ ನಿಜವಾದ ಪರೀಕ್ಷೆಯೇ ಅತಿ ಕಠಿಣವಾದದ್ದಾಗಿದ್ದು, ಅದರಲ್ಲಿ ಬಿದ್ದವರಿಗೆ ಎರಡನೆಯ ಅವಕಾಶ ಸುಲಭವಾಗಿ ದಕ್ಕಲಿಲ್ಲ. ಸೀಮಿತ ಓವರ್‌ಗಳ ಪ್ರವಾಸವನ್ನು ಹೊಸಬರನ್ನು ಒರೆಗೆ ಹಚ್ಚುವ ಜಾಗ ಎಂದು ಆಯ್ಕೆಗಾರರು ಹೇಳುವುದುಂಟು. ಆದರೆ ಈ ಆಟದ ಕಟ್ಟೋಣವೇ ಹೊಸಬರು ಬರುವ ಜಾಗಕ್ಕೆ, ಎಂದರೆ ಐದು, ಆರು, ಏಳನೇ ಕ್ರಮಾಂಕಕ್ಕೆ, ಎಸೆತಗಳನ್ನು ತಲುಪಿಸದಂತಿದೆ.

ಲೆಕ್ಕಿಗರು: ಹಾಗಿದ್ದರೆ ಸಿಡ್ನಿಯ ಪಂದ್ಯ ತಮ್ಮ ವಾದಕ್ಕೆ ವಿರುದ್ಧವಾಗಿದೆ. 331 ರನ್ನಿನ ಗುರಿಯನ್ನು ಮುಟ್ಟಿಸಿದ್ದು ಕರ್ನಾಟಕದ ಮನೀಶ್ ಪಾಂಡೆ. 81 ಎಸೆತಗಳಲ್ಲಿ ಅಜೇಯ 104. ಹೊಸಬರಿಗೆ ಅವಕಾಶ ಸಿಕ್ಕಿತು, ಅವರು ಬಳಸಿಕೊಂಡರು.

ನೋಡುಗರು: ಆ ಅವಕಾಶ ಬಂದದ್ದು ಯಾವ ದಾರಿಯಿಂದ? ಸರಣಿಯ ಆರಂಭದಲ್ಲಿ ತಂಡದಲ್ಲಿದ್ದರೂ ಆಡಲು ಹೆಚ್ಚು ಎಸೆತಗಳು ಒದಗದೆ ಪಾಂಡೆ ಹೊರಗುಳಿದಿದ್ದರು. ಸಿಡ್ನಿಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ರಹಾನೆ ಗಾಯಗೊಂಡದ್ದರಿಂದ. ಅದೂ ಸರಣಿ 4–0 ಆಗಿ, ಪತ್ರಿಕೆಗಳ ಭಾಷೆಯಲ್ಲಿ ಹೇಳುವ ‘ಔಪಚಾರಿಕ ಪಂದ್ಯ’ವಷ್ಟೇ ಉಳಿದಿದ್ದಾಗ. ಇನ್ನೂ ಒಂದು ಸಂಗತಿಯಿದೆ. ಅವರು ಇಳಿದದ್ದು ನಾಲ್ಕನೇ ಕ್ರಮಾಂಕದಲ್ಲಿ, ಕೊಹ್ಲಿ 8 ರನ್ನಿಗೆ ಔಟಾದ ಮೇಲೆ, ಮೊತ್ತ 134 ಇದ್ದಾಗ. ಸರಣಿಯಲ್ಲಿ ಕೊಹ್ಲಿ ವಿಫಲರಾದ ಒಂದೇ ದಿನ ಅದು. ಆ ವೈಫಲ್ಯವೇ ಪಾಂಡೆಗೆ ಇನಿಂಗ್ಸ್‌ನ ಅರ್ಧದಷ್ಟು ಅವಧಿಯನ್ನು ಬಿಟ್ಟುಕೊಟ್ಟಿತು. ಮೊದಲು ರೋಹಿತ್ ಜೊತೆ 97, ರೋಹಿತ್ 99ರಲ್ಲಿ ಔಟಾದ ಮೇಲೆ ಧೋನಿ ಜೊತೆ 94 ರನ್ ಸೇರಿಸಿ, ಮಿಚೆಲ್ ಮಾರ್ಷ್ ಎಸೆದ ಕೊನೆಯ ಓವರಿನಲ್ಲಿ ಧೋನಿ ಒಂದು ಸಿಕ್ಸರ್ ಹೊಡೆದು ಔಟಾದರೂ ಎದೆಗುಂದದೆ, ಎರಡು ಎಸೆತ ಉಳಿದಿರುವಂತೆ ಅವರು ಗೆಲುವು ತಂದರು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಎಂದು 2009ರಲ್ಲೇ ಬೆಂಗಳೂರು ತಂಡದ ಪರ ಹೆಸರು ಮಾಡಿದ್ದ ಆಟಗಾರ ಆಸ್ಟ್ರೇಲಿಯಾದಲ್ಲಿ ಇಷ್ಟು ಎಸೆತಗಳನ್ನು ಪಡೆಯಲು ಮೂರು ಆಕಸ್ಮಿಕಗಳು ಒಟ್ಟಿಗೇ ಕೂಡಿಬರಬೇಕಾಯಿತು.

ಲೆಕ್ಕಿಗರು: ಅದೇ ಪಂದ್ಯದಲ್ಲಿ ಜಸ್‌ಪ್ರೀತ್ ಬುಮ್ರಾ ಪದಾರ್ಪಣೆ ಮಾಡಿ, 330 ರನ್ ಹರಿದ ಇನಿಂಗ್ಸ್‌ನಲ್ಲಿ 40 ರನ್ನಿಗೆ 2 ವಿಕೆಟ್ ಪಡೆದರು. ಅವರೂ ಟಿ20 ತಂಡಕ್ಕೆಂದು ಬಂದು, ಭುವನೇಶ್ವರ್ ಕುಮಾರ್ ಗಾಯಗೊಂಡದ್ದರಿಂದ ಏಕದಿನ ತಂಡ ಸೇರಿದವರು. ಆಕಸ್ಮಿಕ ಅವರನ್ನು ಎತ್ತಿಹಿಡಿಯಿತಲ್ಲ.

ನೋಡುಗರು: ಬೌಲರಿಗೂ ಬ್ಯಾಟರಿಗೂ ಇರುವ ಅಂತರವನ್ನು ಆ ಉದಾಹರಣೆಯೇ ತೋರಿಸುತ್ತದೆ. ತಂಡದಲ್ಲಿ ಪ್ರಮುಖ ಬೌಲರಾಗಿ ಆಯ್ಕೆಯಾದವರಿಗೆ ಹತ್ತು ಓವರ್, ಎಂದರೆ 60 ಎಸೆತ, ಬಹುಪಾಲು ಖಾತ್ರಿ. ಆಸ್ಟ್ರೇಲಿಯಾದವರು ಎಷ್ಟೇ ಚೆನ್ನಾಗಿ ಆಡಲಿ, ಬುಮ್ರಾ ತಮ್ಮ ವಿಚಿತ್ರ ಶೈಲಿಯಲ್ಲಿ, ಬ್ಯಾಟರ ಕಾಲಬುಡಕ್ಕೆ ಬೀಳುವ ಯಾರ್ಕರ್ ಎಸೆದು ತೋರಿಸಬಹುದಿತ್ತು. ಆರನೇ ಕ್ರಮಾಂಕದ ಬ್ಯಾಟರಿಗೆ ಅಂಥ ಖಾತ್ರಿಯಿಲ್ಲ.

ಲೆಕ್ಕಿಗರು: ಟಿ20 ಸರಣಿಯ 3–0 ಗೆಲುವಾದರೂ ನಿರ್ವಿವಾದವೆಂದು ಭಾವಿಸಬಹುದೇ? ಭಾರತ ಆ ಗೆಲುವಿನಿಂದ ಟಿ20 ಶ್ರೇಯಾಂಕದಲ್ಲಿ ಮೊದಲ ಸ್ಥಾನಕ್ಕೇರಿತು, ಕೊಹ್ಲಿ ಮೂರು ಪಂದ್ಯಗಳಲ್ಲಿ ಒಮ್ಮೆ ಮಾತ್ರ ಔಟಾಗಿ 199 ರನ್ ಗಳಿಸಿದರು.

ನೋಡುಗರು: ಗೆಲುವು ನಿರ್ವಿವಾದ. ಆದರೆ ಸ್ಕೋರ್‌ಪಟ್ಟಿಯನ್ನು ನೆಚ್ಚಿದವರು ವಿಕೆಟ್‌ಗಳ ಕಾಲಮ್ಮನ್ನೂ ಓದಬೇಕು: ಅಡಿಲೇಡ್‌ನಲ್ಲಿ 3 ವಿಕೆಟ್‌ಗೆ 188, ಮೆಲ್ಬರ್ನ್‌ನಲ್ಲಿ 3ಕ್ಕೆ 184, ಸಿಡ್ನಿಯಲ್ಲಿ 3ಕ್ಕೆ 200. ತಂಡಕ್ಕೆ ಮರಳಿದ್ದ ಯುವರಾಜ್ ಸಿಂಗ್ ಮೊದಲ ಎರಡು ಪಂದ್ಯಗಳಲ್ಲಿ ಬ್ಯಾಟ್ ಹಿಡಿಯಲೇ ಇಲ್ಲ. ಮೂರನೆಯದರಲ್ಲಿ ರನ್ನಿಗೆ ಪರದಾಡುತ್ತಿದ್ದವರು, ಕೊನೆಯ ಓವರಿನಲ್ಲಿ 17 ರನ್ ಬೇಕಿದ್ದಾಗ ಆಂಡ್ರ್ಯೂ ಟೈ ಅವರಿಗೆ ಒಂದು ಬೌಂಡರಿ, ಒಂದು ಸಿಕ್ಸರ್ ಹೊಡೆದರು. ಕೊನೆಯ ಎಸೆತದ ಬೌಂಡರಿಯಿಂದ ಸುರೇಶ್ ರೈನಾ ಗೆಲುವನ್ನು ಪೂರ್ತಿಗೊಳಿಸಿದರು. ಎರಡು ತಿಂಗಳ ನಂತರ, ಮಾರ್ಚ್ 31ರಂದು, ಮುಂಬೈನ ವಾಂಖೆಡೆ ಅಂಗಣದಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಗಳಿಸಿದ್ದು 2 ವಿಕೆಟ್‌ಗೆ 192. ಎಂಟು ವಿಕೆಟ್‌ಗಳು ಮುಟ್ಟದೆ ಉಳಿದವು, ಎದುರಾಳಿ ಎರಡು ಎಸೆತ ಬಾಕಿ ಇರುವಂತೆ ಗೆದ್ದಿತು. ಪರ್ತ್‌ನ ಪಾಠ ಮುಂಬೈಗೂ ಅನ್ವಯಿಸುತ್ತಿತ್ತು; ನಡುವೆ ಬಂದ 3–0 ಅದನ್ನು ಮರೆಸಿತ್ತು. ಯುವರಾಜ್ ಗಾಯಗೊಂಡದ್ದರಿಂದ ಬದಲಿಯಾಗಿ ಬಂದಿದ್ದ ಪಾಂಡೆ ಆ ಪಂದ್ಯದಲ್ಲಿ ಆಡಲಿಲ್ಲ.

ಲೆಕ್ಕಿಗರು: ಜೂನ್‌ನಲ್ಲಿ ಜಿಂಬಾಬ್ವೆಗೆ ಹೋದ ತಂಡದಲ್ಲಿ ಅವರಿದ್ದರು. ಹಿರಿಯರಲ್ಲಿ ಬಹುತೇಕರನ್ನು ಬಿಟ್ಟು ಹೆಚ್ಚಾಗಿ ಹೊಸಬರನ್ನೇ ಕರೆದೊಯ್ದ ಆ ಪ್ರವಾಸ ಪರೀಕ್ಷೆಗೆಂದೇ ಏರ್ಪಟ್ಟದ್ದು.

ನೋಡುಗರು: ಆ ಪ್ರವಾಸದ ಅಂಕಿಗಳು ಲೆಕ್ಕಿಗರಿಗೆ ತಿಳಿಯದ್ದೇನಲ್ಲ. ಸಿಡ್ನಿಯ ನಂತರ ಭಾರತ ಆಡಿದ ಮುಂದಿನ ಏಕದಿನ ಪಂದ್ಯ ಹರಾರೆಯದ್ದು, ಜೂನ್ 11ರಂದು. ಇನಿಂಗ್ಸ್ ಆರಂಭಿಸಿದ ಇಬ್ಬರೂ, ಕೆ.ಎಲ್. ರಾಹುಲ್ ಮತ್ತು ಕರುಣ್ ನಾಯರ್, ಕರ್ನಾಟಕದವರು, ಇಬ್ಬರಿಗೂ ಅದು ಮೊದಲ ಏಕದಿನ ಪಂದ್ಯ. ರಾಹುಲ್ ಸಿಕ್ಸರ್‌ನೊಂದಿಗೆ ಶತಕವನ್ನೂ ಪಂದ್ಯವನ್ನೂ ಒಟ್ಟಿಗೆ ಮುಗಿಸಿ, ಏಕದಿನ ಪದಾರ್ಪಣೆಯಲ್ಲೇ ನೂರು ಹೊಡೆದ ಮೊದಲ ಭಾರತೀಯರಾದರು. 7 ರನ್ನಿಗೆ ಔಟಾದ ಕರುಣ್ ಮುಂದಿನ ಪಂದ್ಯದಲ್ಲಿ 39 ಗಳಿಸಿದರು. ಜಿಂಬಾಬ್ವೆಯ ಮೊತ್ತಗಳು 168, 126, 123. ಮೂರು ಪಂದ್ಯಗಳಲ್ಲಿ ಭಾರತ ಕಳೆದುಕೊಂಡದ್ದು ಒಟ್ಟು ಮೂರು ವಿಕೆಟ್. ಸಿಡ್ನಿಯಲ್ಲಿ ಅಜೇಯ 104 ಗಳಿಸಿದ್ದ ಪಾಂಡೆಗೆ ಹರಾರೆಯ ಆ ಮೊದಲ ಪಂದ್ಯದಲ್ಲಿ ಪ್ಯಾಡ್ ಕಟ್ಟಿ ಕಾಯುವ ಕೆಲಸವಷ್ಟೇ ಉಳಿಯಿತು. ಆತಿಥೇಯರು ಸಬಲರಾದರೆ ಮಧ್ಯಮ ಕ್ರಮಾಂಕಕ್ಕೆ ಕುಸಿತ ಎದುರಾಗುತ್ತದೆ, ದುರ್ಬಲರಾದರೆ ಎಸೆತವೇ ಸಿಗುವುದಿಲ್ಲ. ಮೊದಲ ಟಿ20 ಪಂದ್ಯದಲ್ಲಿ ರಾಹುಲ್ ಮೊದಲ ಎಸೆತಕ್ಕೇ ಔಟಾಗಿ ತಂಡ ತಡವರಿಸಿದಾಗ ಮಾತ್ರ ಪಾಂಡೆಗೆ ಸಮಯ ಸಿಕ್ಕಿ 48 ರನ್ ಬಂತು; ಆ ಪಂದ್ಯವನ್ನು ಭಾರತ 2 ರನ್ನಿನಿಂದ ಸೋತಿತು.

ಲೆಕ್ಕಿಗರು: ಇಷ್ಟಾದ ಮೇಲೂ ಒಂದು ಲೆಕ್ಕ ಬಾಕಿಯಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತವರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಐದೂ ಪಂದ್ಯಗಳಲ್ಲಿ ಆಡಿದ ಪಾಂಡೆ ಒಂದೂ ಅರ್ಧಶತಕ ಗಳಿಸಲಿಲ್ಲ. ಒಟ್ಟು ಆಡಿದ 29 ಏಕದಿನ ಪಂದ್ಯಗಳಲ್ಲಿ ಸಿಡ್ನಿಯದೊಂದೇ ಶತಕ. ಎಲ್ಲ ಹೊಣೆಯನ್ನೂ ಹಂಚಿಕೆಯ ಮೇಲೆ ಹೊರಿಸಿದರೆ ಆಟಗಾರನಿಗೆ ಉಳಿಯುವುದೇನು?

ನೋಡುಗರು: ಆ ಆಕ್ಷೇಪ ಸರಿಯಾದದ್ದು, ನ್ಯೂಜಿಲೆಂಡ್ ಸರಣಿಯಲ್ಲಿನ ವೈಫಲ್ಯ ಪಾಂಡೆ ಅವರದೇ. ಇಲ್ಲಿನ ವಾದ ಒಬ್ಬ ಆಟಗಾರನಿಗೆ ಅನ್ಯಾಯವಾಯಿತು ಎಂಬುದಲ್ಲ; ಆ ಜಾಗಕ್ಕೆ ಯಾರು ತಕ್ಕವರು ಎಂಬುದೇ ತಂಡಕ್ಕೆ ವರ್ಷಗಟ್ಟಲೆ ತಿಳಿಯಲಿಲ್ಲ ಎಂಬುದು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, 240 ರನ್ನಿನ ಗುರಿಯೆದುರು ರೋಹಿತ್, ರಾಹುಲ್, ಕೊಹ್ಲಿ ಮೂವರೂ ಒಂದೊಂದು ರನ್ನಿಗೆ ಔಟಾಗಿ ಮೊತ್ತ 3 ವಿಕೆಟ್‌ಗೆ 5 ಆದಾಗ, ಮುಂದೆ ಬರುವವರ ಕ್ರಮವೇನು ಎಂಬುದರ ಬಗ್ಗೆಯೇ ಒಮ್ಮತವಿರಲಿಲ್ಲ. ಪಂದ್ಯ 18 ರನ್ನಿನಿಂದ ಕೈತಪ್ಪಿತು.

ಲೆಕ್ಕಿಗರು: 2023ರ ವಿಶ್ವಕಪ್‌ನಲ್ಲಿ ಆ ಜಾಗ ತುಂಬಿತ್ತಲ್ಲ. ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ 200 ರನ್ನಿನ ಗುರಿ ಬೆನ್ನಟ್ಟುವಾಗ 3 ವಿಕೆಟ್‌ಗೆ 2 ಎಂಬ ಸ್ಥಿತಿ ಬಂದರೂ, ಐದನೇ ಕ್ರಮಾಂಕದ ರಾಹುಲ್ ಅಜೇಯ 97 ಗಳಿಸಿ, 85 ಗಳಿಸಿದ ಕೊಹ್ಲಿ ಜೊತೆಗೂಡಿ ಪಂದ್ಯ ಗೆಲ್ಲಿಸಿದರು. ರಾಹುಲ್ ಹರಾರೆಯ ಪ್ರವಾಸ ಕೊಟ್ಟ ಆಟಗಾರರೇ.

ನೋಡುಗರು: ಹರಾರೆ ಕೊಟ್ಟದ್ದು ಆರಂಭಿಕ ಬ್ಯಾಟರನ್ನು. ಐದನೇ ಕ್ರಮಾಂಕದ ರಾಹುಲ್ ಸಿದ್ಧವಾದದ್ದು ಆನಂತರ, ಮೇಲಿನ ಮೂರು ಸ್ಥಾನಗಳು ರೋಹಿತ್, ಧವನ್, ಕೊಹ್ಲಿ ಅವರಿಂದ ತುಂಬಿಹೋಗಿ ರಾಹುಲ್‌ಗೆ ಬೇರೆ ಜಾಗ ಹುಡುಕಬೇಕಾಗಿ ಬಂದಾಗ.